ಕೈ ಉಳಿಯಿತು, ಕೆಲಸ ಉಳಿಯಿತೇ?

ಮೊನ್ನೆ ನಮ್ಮ ಕಚೇರಿಗೆ ಒಬ್ಬ ಗಿರಣಿ ಕಾರ್ಮಿಕರು ಬಂದಿದ್ದರು. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ಸ್ನಾಯುರಜ್ಜು ತುಂಡಾಗಿತ್ತು. ಡಾಕ್ಟರು ಚೆನ್ನಾಗಿಯೇ ಹೊಲಿದಿದ್ದಾರೆ, ಗಾಯವೂ ಮಾಯ್ದಿದೆ. ಆದರೆ ಬೆರಳು ಮಡಚುವುದಿಲ್ಲ. ಕಡಿದ ಎಳೆ ಸೇರಿಸಲಾರದ ಕೈ ಗಿರಣಿಗೆ ಏತಕ್ಕೆ? “ಕೈ ಉಳಿಯಿತು ಮೇಷ್ಟ್ರೇ, ಕೆಲಸ ಹೋಯಿತು” ಎಂದರು.

ಹೊಲಿದ ರಜ್ಜನ್ನು ಸುಮ್ಮನೆ ಕಟ್ಟಿಟ್ಟರೆ ಅದು ಸುತ್ತಲಿನ ಮಾಂಸಕ್ಕೆ ಅಂಟಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ, ಪಟ್ಟಿಯ ಆಸರೆಯಲ್ಲಿಟ್ಟು, ಅಳತೆಯರಿತು ಆಡಿಸಬೇಕು. ಬಲ ಹೆಚ್ಚಾದರೆ ಹರಿಯುತ್ತದೆ, ತಡವಾದರೆ ಅಂಟುತ್ತದೆ. ಈ ಅಳತೆ ಬಲ್ಲವರು ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ ಕಲಿತವರು. ಅಂಥವರು ಆ ಆಸ್ಪತ್ರೆಯಲ್ಲಿ ಒಬ್ಬರೂ ಇರಲಿಲ್ಲ.

ಇದರಲ್ಲಿ ಇನ್ನೊಂದು ನೋವಿದೆ. ಆ ಕಾರ್ಮಿಕರ ಮಗಳು ಬೇರೆ ಊರಿನಲ್ಲಿ ಫಿಸಿಯೋಥೆರಪಿಯನ್ನೇ ಓದುತ್ತಿದ್ದಳು. ಅದು ಫೋನಿನಲ್ಲಿ ಹೇಳಿ ಮಾಡಿಸುವ ಕೆಲಸವಲ್ಲ. ಪರೀಕ್ಷೆ ಮುಗಿಸಿ ಅವಳು ಬರುವಷ್ಟರಲ್ಲಿ ಎರಡು ತಿಂಗಳು ಕಳೆದು ಬೆರಳು ಬಿಗಿದುಹೋಗಿತ್ತು. ಈಗ ಅವಳಿಗೆ ಇದೇ ವಿದ್ಯೆಯಲ್ಲಿ ಮಾಸ್ಟರ್ ಪದವಿ ಮಾಡುವ ಹಂಬಲ. ಖಾಸಗಿ ಕಾಲೇಜು ಕೇಳುವ ಶುಲ್ಕ ತಂದೆಯ ವರ್ಷದ ಸಂಬಳಕ್ಕಿಂತ ಹೆಚ್ಚು. ಆ ಸಂಬಳವೂ ಈಗಿಲ್ಲ.

“ಕೈಕಾಲು ತಿಕ್ಕಲು ಅಷ್ಟು ದೊಡ್ಡ ಪದವಿ ಬೇಕೆ?” ಎಂದು ನಗುವವರಿದ್ದಾರೆ. ಬೇಕು. ಪದವಿಯ ಮೇಲಿನ ಆ ಎರಡು ವರ್ಷಗಳಲ್ಲಿ ಎಲುಬು-ಕೀಲು, ನರರೋಗ, ಮಕ್ಕಳ ತೊಂದರೆ ಎಂದು ಒಂದೊಂದು ವಿಭಾಗವನ್ನು ಆಳವಾಗಿ ಕಲಿಯುತ್ತಾರೆ. ಮುಂದೆ ಇತರರಿಗೆ ಕಲಿಸುವವರೂ ಅವರೇ. ಪಾಠ ಹೇಳಿ ಬಂದ ನಾವು ಇಷ್ಟನ್ನು ಬಲ್ಲೆವು: ಕಲಿಸುವವರಿಲ್ಲದ ವಿದ್ಯೆ ಒಂದೇ ತಲೆಮಾರಿಗೆ ಮುಗಿಯುತ್ತದೆ.

ಕಾಯಿದೆಗಳಿಗೇನೂ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪುನರ್ವಸತಿಯನ್ನು ಸರಕಾರದ ಹೊಣೆಯೆನ್ನುತ್ತದೆ. ಆದರೆ ಅದರ 27ನೆಯ ಕಲಮಿನಲ್ಲಿ “ಆರ್ಥಿಕ ಸಾಮರ್ಥ್ಯದೊಳಗೆ” ಎಂಬ ಕಿಂಡಿಯನ್ನೂ ಬಿಟ್ಟಿದೆ. 2021ರಲ್ಲಿ ಈ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯಿದೆಯೂ ಆಯಿತು. ಆಯೋಗ ಕಾಗದದಲ್ಲಿ ಬಂದರೆ ಸಾಕೇ? ಆಸ್ಪತ್ರೆಯಲ್ಲಿ ಹುದ್ದೆ ಬೇಡವೇ?

ಇದು ಕಾರ್ಮಿಕರೊಬ್ಬರ ಪ್ರಶ್ನೆಯಲ್ಲ. 1948ರ ಇ.ಎಸ್.ಐ. ಕಾಯಿದೆ ಆದದ್ದು ಸಂಬಳಗಾರರಿಗಾಗಿ. ಸ್ವಂತ ಅಂಗಡಿಯ ಸಣ್ಣ ವರ್ತಕರು ಹೊರಗೇ ಉಳಿದರು. ಅವರಿಗೆ ಲಕ್ವ ಹೊಡೆದರೆ ಅಂದಿನಿಂದಲೇ ಅಂಗಡಿಯ ಬಾಗಿಲು ಮುಚ್ಚುತ್ತದೆ. ಮತ್ತೆ ತಕ್ಕಡಿ ಹಿಡಿಯುವಂತೆ ಆ ಕೈಯನ್ನು ಪಳಗಿಸುವವರು ಯಾರು?

ಹಣವಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ನಾಡು ಇಂದಿಗಿಂತ ಬಡವಾಗಿದ್ದ 1965ರಲ್ಲೇ ಮೈಸೂರಿನಲ್ಲಿ ಕೇಂದ್ರ ಸರಕಾರದ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಮಾತು ಬಾರದವರಿಗೆ, ಕಿವಿ ಕೇಳದವರಿಗೆ ನೆರವಾಗುವ ತಜ್ಞರನ್ನು ಅದು ಇಂದಿಗೂ ತಯಾರಿಸುತ್ತಿದೆ. ಮಾತಿಗೆ ಸಾಧ್ಯವಾದದ್ದು ದುಡಿಯುವ ಕೈಗೆ ಏಕೆ ಅಸಾಧ್ಯ?

ಆದುದರಿಂದ ನಮ್ಮ ಒತ್ತಾಯವಿಷ್ಟು: ಈ ಮಾಸ್ಟರ್ ಶಿಕ್ಷಣಕ್ಕೆ ಸರಕಾರಿ ಸೀಟುಗಳು ಹೆಚ್ಚಲಿ, ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ, ವೇತನ ಸಹಿತ ಓದು ಸಿಗಲಿ, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕಾಯಂ ಹುದ್ದೆ ಇರಲಿ.

ಬಂಧುಗಳೇ, ಮುಂದಿನ ಸಲ ನಿಮ್ಮ ಶಾಸಕರು ಮತ ಕೇಳಿ ಕೈಮುಗಿದಾಗ, ಮುಗಿಯಲು ಬಾರದ ಈ ಕೈಯ ವಿಷಯ ಕೇಳಿರಿ.