ಒಂದು ಕಿಲೋ ಭಾರ

ಸಂಸ್ಕೃತದಲ್ಲಿ ‘ಗುರು’ ಶಬ್ದಕ್ಕೆ ಉಪದೇಶಕನೆಂಬ ಅರ್ಥವಿರುವಂತೆಯೇ ಭಾರವಾದುದೆಂಬ ಅರ್ಥವೂ ಉಂಟು. ಕುಂದಾಪುರ ತಾಲೂಕಿನ ವಂಡ್ಸೆಯ ಗುರುರಾಜ ಪೂಜಾರಿಯವರ ಹೆಸರು ಈ ಎರಡನೆಯ ಅರ್ಥದಿಂದ ಸಾರ್ಥಕವಾಗಿರುವುದು.

ವಾಹನ ಚಾಲಕರೊಬ್ಬರ ಮಗನಾದ ಇವರಿಗೆ ಮೊದಲು ಮನಸ್ಸಿದ್ದುದು ಕುಸ್ತಿಯಲ್ಲಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರರು ಪಡೆದ ಪದಕವು ಆ ಆಸೆಯನ್ನು ಹುಟ್ಟಿಸಿತ್ತು. ಉಜಿರೆಯ ಕಾಲೇಜನ್ನು ಸೇರಿದ ಮೇಲೆ ಭಾರವೆತ್ತುವ ವಿದ್ಯೆಯತ್ತ ತಿರುಗಿದರು. ಅನಂತರ ವಾಯುಸೇನೆಯಲ್ಲಿ ಉದ್ಯೋಗವೂ ದೊರೆಯಿತು.

ಈ ಸ್ಪರ್ಧೆಯ ಕ್ರಮವನ್ನು ಅರಿಯದ ವಾಚಕರಿಗಾಗಿ ಒಂದೆರಡು ಮಾತು. ಇದರಲ್ಲಿ ಎರಡು ವಿಧಗಳುಂಟು. ‘ಸ್ನ್ಯಾಚ್’ ಎಂಬುದರಲ್ಲಿ ಭಾರವನ್ನು ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲಕ್ಕೆ ಒಯ್ಯಬೇಕು. ‘ಕ್ಲೀನ್ ಅಂಡ್ ಜರ್ಕ್’ ಎಂಬುದರಲ್ಲಿ ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ. ಒಂದೊಂದಕ್ಕೂ ಮೂರು ಅವಕಾಶಗಳು. ಎರಡರಲ್ಲಿಯೂ ಎತ್ತಿದ ಅತ್ಯಧಿಕ ಭಾರವನ್ನು ಕೂಡಿಸಿ ಮೊತ್ತವನ್ನು ಕಟ್ಟುವರು. ಒಮ್ಮೆ ಸೋತೆನೆಂದು ಭಾರವನ್ನು ಕಡಿಮೆಮಾಡಿಕೊಳ್ಳುವಂತಿಲ್ಲ. ಒಂದು ವಿಧದಲ್ಲಿ ಮೂರೂ ತಪ್ಪಿದರೆ ಇನ್ನೊಂದರಲ್ಲಿ ಪಟ್ಟ ಶ್ರಮದಿಂದಲೂ ಮೊತ್ತದ ಪದಕ ದೊರೆಯದು.

2018ರ ಏಪ್ರಿಲ್ 5ರಂದು, ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಗುರುರಾಜರು ನಿಂತುದು ಇಂತಹ ಸಂಕಟದಲ್ಲಿಯೇ. ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿದ್ದರು. ಮುಂದಿನದರಲ್ಲಿ ಎರಡು ಪ್ರಯತ್ನಗಳೂ ವಿಫಲವಾದವು. ಉಳಿದುದು ಒಂದೇ. ಅದರಲ್ಲಿ 138 ಕಿಲೋ, ಎಂದರೆ ಮೈತೂಕದ ಸುಮಾರು ಎರಡೂವರೆ ಪಾಲು, ಮೇಲೇರಿ ನಿಂತಿತು. ಮೊತ್ತ 249, ಶ್ರೀಲಂಕೆಯ ಚತುರಂಗ ಲಕ್ಮಲ್ ಅವರದು 248. ಬೆಳ್ಳಿಯ ಪದಕವು ಗುರುರಾಜರದಾಯಿತು. ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲನೆಯದು.

2022ರ ಜುಲೈ 30ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, 61 ಕಿಲೋ ವಿಭಾಗದಲ್ಲಿ, ಪುನಃ ಅದೇ ಬಗೆ. ಸ್ನ್ಯಾಚ್ ಮುಗಿದಾಗ ಗುರುರಾಜರದು 118. ಕೆನಡಾದ ಯೂರಿ ಸಿಮಾರ್ಡ್ ಒಂದು ಕಿಲೋ ಮುಂದಿದ್ದರು. ಬಳಿಕ ಗುರುರಾಜರು 151 ಕಿಲೋ ಎತ್ತಿ ಮೊತ್ತವನ್ನು 269ಕ್ಕೆ ತಂದರು. ಸಿಮಾರ್ಡರದು 268ಕ್ಕೆ ನಿಂತಿತು. ಕಂಚಿನ ಪದಕವು ವಂಡ್ಸೆಗೆ ಬಂದಿತು.

ಒಂದು ಕಿಲೋ ಎಂದರೆ ನಮ್ಮ ಮನೆಗಳಲ್ಲಿ ಒಂದು ಹೊತ್ತಿನ ಅಕ್ಕಿ. ಎರಡು ಸಲವೂ ಪದಕವನ್ನು ನಿರ್ಣಯಿಸಿದುದು ಅಷ್ಟೇ ಭಾರ. ಮಕ್ಕಳು ಪರೀಕ್ಷೆಯಲ್ಲಿಯೋ ಆಟದಲ್ಲಿಯೋ ಎರಡು ಸಲ ಸೋತೊಡನೆ ‘ಇನ್ನು ಸಾಕು’ ಎಂದುಬಿಡುವ ಮನೆಗಳು ನಮ್ಮಲ್ಲಿ ಅನೇಕವುಂಟು. ಗುರುರಾಜರ ಬೆಳ್ಳಿಯು ಮೂರನೆಯ ಪ್ರಯತ್ನದ ಫಲವೆಂಬುದನ್ನು ತಂದೆತಾಯಿಗಳು ಮರೆಯಬಾರದು. ಅಭ್ಯಾಸವಿಲ್ಲದವನಿಗೆ ಮೂರನೆಯ ಅವಕಾಶದಿಂದ ಏನೂ ಪ್ರಯೋಜನವಿಲ್ಲವೆಂಬುದನ್ನು ಮಕ್ಕಳೂ ಮರೆಯಬಾರದು.