ಮೊದಲ ನಿಮಿಷ, ಕೊನೆಯ ನಿಮಿಷ: ತಾಲೀಮು ಅನಿವಾರ್ಯ

2012ರ ಸಾರ್ವಜನಿಕ ಖರೀದಿ ನೀತಿ ಆದೇಶವು ಕೇಂದ್ರ ಸರ್ಕಾರದ ಇಲಾಖೆಗಳು ಹಾಗೂ ಸಾರ್ವಜನಿಕ ಉದ್ದಿಮೆಗಳ ವಾರ್ಷಿಕ ಖರೀದಿಯಲ್ಲಿ ಶೇ. 20ರಷ್ಟು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಬರಬೇಕೆಂದು ಗುರಿ ನಿಗದಿಪಡಿಸಿತು. 2018ರಲ್ಲಿ ಈ ಪ್ರಮಾಣ ಶೇ. 25ಕ್ಕೇರಿತು. ಇದರಿಂದಾಗಿ ಖರೀದಿ ಅಧಿಕಾರಿಗಳೆದುರು ತಮ್ಮ ಉತ್ಪನ್ನವನ್ನು ಪರಿಚಯಿಸುವ ಅವಕಾಶ ಸಣ್ಣ ತಯಾರಕರಿಗೂ ಒದಗುತ್ತಿದೆ. ಆದರೆ ಆ ಕೆಲವೇ ನಿಮಿಷಗಳಿಗೆ ನಾವು ಎಷ್ಟು ಸಿದ್ಧರಾಗಿರುತ್ತೇವೆ?

ನಮ್ಮಲ್ಲಿ ಅನೇಕರು ವಂದನಾರ್ಪಣೆ ಮತ್ತು ಸಂಸ್ಥೆಯ ಇತಿಹಾಸದಿಂದ ಆರಂಭಿಸುತ್ತಾರೆ. "ಸಮಯ ಮೀರಿತು, ಇಲ್ಲಿಗೆ ಮುಗಿಸುತ್ತೇನೆ" ಎಂದು ಕೈಮುಗಿಯುತ್ತಾರೆ. ತಮ್ಮಿಂದ ಏನನ್ನು ಅಪೇಕ್ಷಿಸಲಾಗಿದೆ ಎಂಬುದೇ ಖರೀದಿದಾರರಿಗೆ ತಿಳಿಯುವುದಿಲ್ಲ.

ಮನಶ್ಶಾಸ್ತ್ರಜ್ಞ ಬೆನೆಟ್ ಮರ್ಡಾಕ್ 1962ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪದಗಳ ಪಟ್ಟಿಯನ್ನು ಕೇಳಿದವರಿಗೆ ಕೊನೆಯ ಮತ್ತು ಮೊದಲಿನ ಪದಗಳು ಹೆಚ್ಚು ನೆನಪಿನಲ್ಲಿ ಉಳಿದವು, ನಡುವಿನವು ಮರೆತವು. ಭಾಷಣವು ಪದಗಳ ಪಟ್ಟಿಯಲ್ಲ, ನಿಜ. ಆದರೂ ಒಂದೇ ದಿನ ಹತ್ತಾರು ಮಂದಿಯ ಮಾತು ಕೇಳುವ ಅಧಿಕಾರಿಯ ಸ್ಥಿತಿ ಇದಕ್ಕಿಂತ ತೀರ ಭಿನ್ನವಾಗಿರಲಾರದು.

ಪಂಪಿನ ಬಿಡಿಭಾಗಗಳನ್ನು ಎರಕ ಹೊಯ್ಯುವ ಉದ್ಯಮಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. "ತಮಗೆ ಬೇಕಾದ ಪಂಪಿನ ಕವಚವನ್ನು ಪರೀಕ್ಷಾ ವರದಿಯೊಡನೆ ಒದಗಿಸಬಲ್ಲೆವು" ಎಂಬುದು ಅವರ ಮೊದಲ ವಾಕ್ಯವಾಗಲಿ. "ನಕ್ಷೆ ನೀಡಿ, ಮಾದರಿ ತಯಾರಿಸಿ ಕೊಡುತ್ತೇವೆ, ಒಪ್ಪಿಗೆಯಾದರೆ ಪ್ರಾಯೋಗಿಕ ಆದೇಶ ನೀಡಿ" ಎಂಬುದು ಕೊನೆಯದಾಗಲಿ.

ಬಾಯಿಪಾಠ ಮಾಡಿದರೆ ಮಾತು ಗಿಣಿಪಾಠವಾಗುವುದೆಂಬ ಆಕ್ಷೇಪವಿದೆ. ಇಡೀ ಭಾಷಣಕ್ಕೆ ಅದು ಅನ್ವಯಿಸೀತು. ಆದಿ ಮತ್ತು ಅಂತ್ಯ ಮಾತ್ರ ಕರಗತವಾಗಿದ್ದರೆ, ನಡುವಿನ ವಿವರಗಳನ್ನು ಟಿಪ್ಪಣಿ ನೋಡಿಕೊಂಡು ಸಹಜವಾಗಿಯೇ ಹೇಳಬಹುದು. ಹತ್ತು ನಿಮಿಷದ ಅವಧಿ ಹಠಾತ್ತನೆ ಐದಕ್ಕೆ ಇಳಿದರೂ, ನಡುಭಾಗವನ್ನು ಬಿಟ್ಟು ನೇರವಾಗಿ ಮುಕ್ತಾಯಕ್ಕೆ ಬರುವ ಧೈರ್ಯವಿರುತ್ತದೆ.

ತಾಲೀಮನ್ನು ಎದ್ದು ನಿಂತು, ಗಡಿಯಾರ ಇಟ್ಟುಕೊಂಡು, ಗಟ್ಟಿಯಾಗಿ ಮಾಡಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು. ತಾಂತ್ರಿಕ ವಿಷಯ ಅರಿಯದ ಲೆಕ್ಕಿಗರನ್ನೋ ಮನೆಯವರನ್ನೋ ಎದುರಿಗೆ ಕೂರಿಸಿ, "ನಾನು ಕೇಳಿದ್ದೇನು?" ಎಂದು ಪ್ರಶ್ನಿಸಬೇಕು. ಉತ್ತರ ಬಾರದಿದ್ದರೆ ತಿದ್ದಬೇಕಾದದ್ದು ನಮ್ಮ ವಾಕ್ಯಗಳನ್ನೇ.

ಖರೀದಿದಾರರ ಸಭೆಗಳಿಗೆ ಮುನ್ನ ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಒಂದು ಸಂಜೆಯನ್ನು ಇಂಥ ತಾಲೀಮಿಗೆ ಮೀಸಲಿಡುವುದು ಸೂಕ್ತ. ಅದಕ್ಕೆ ಬೇಕಾದುದು ಒಂದು ಕೊಠಡಿ ಮತ್ತು ನಿಷ್ಠುರವಾಗಿ ಮಾತನಾಡಬಲ್ಲ ನಾಲ್ವರು ಹಿರಿಯ ಸದಸ್ಯರು ಮಾತ್ರ.