ನನಗೇನಾದರೂ ಆಗಿದೆಯೇ?

ವಿಜ್ಞಾನದ ಮೇಷ್ಟ್ರುಗಳಿಗೆ ಒಂದು ಚಪಲವಿದೆ. ಮಕ್ಕಳು ಬಾಯಿ ಬಿಟ್ಟು ನೋಡುವಂಥದ್ದೇನನ್ನಾದರೂ ಮಾಡಿ ತೋರಿಸಬೇಕು. ನನ್ನ ಪಾಲಿಗೆ ಅದು ಪಾದರಸ. ಅಂಗೈ ಮೇಲೆ ಒಂದಿಷ್ಟು ಸುರಿದುಕೊಂಡು, ಆ ಬೆಳ್ಳಿ ಗುಂಡು ಒಡೆದು ಹತ್ತಾಗಿ ಮತ್ತೆ ಕೂಡಿ ಒಂದಾಗುವುದನ್ನು ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ. 1996ರಲ್ಲಿ ಕೆಲಸಕ್ಕೆ ಸೇರಿದಂದಿನಿಂದ ಇದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ.

ಕಳೆದ ವರ್ಷ ಒಂದು ದಿನ ಹೀಗೇ ತೋರಿಸುತ್ತಿದ್ದೆ. ನಮ್ಮ ಶಾಲೆಗೆ ಹೊಸದಾಗಿ ಬಂದಿದ್ದ ವಿಜ್ಞಾನದ ಶಿಕ್ಷಕಿ ಲ್ಯಾಬಿನ ಬಾಗಿಲಲ್ಲಿ ನಿಂತು, "ಸರ್, ಅದನ್ನ ಕೈಗೆ ಹಾಕ್ಕೋಬೇಡಿ. ಮಕ್ಕಳೆಲ್ಲ ಹತ್ತಿರದಲ್ಲೇ ಇದ್ದಾರೆ" ಎಂದರು. ಮೆಲ್ಲಗೇ ಹೇಳಿದ್ದು. ನನಗೆ ಮಾತ್ರ ಮೈಕಿನಲ್ಲಿ ಹೇಳಿದಂತೆ ಕೇಳಿಸಿತು. "ನೋಡಮ್ಮಾ, ನೀನು ಹುಟ್ಟೋಕೆ ಮುಂಚಿನಿಂದ ಇದನ್ನ ಮಾಡ್ತಿದ್ದೀನಿ. ನನಗೇನಾದ್ರೂ ಆಗಿದೆಯಾ?" ಎಂದೆ. ಮಕ್ಕಳು ಗೊಳ್ಳೆಂದು ನಕ್ಕರು. ಆಕೆ ಏನೂ ಹೇಳದೆ ಹೊರಟುಹೋದರು.

ಗೆದ್ದೆ ಎಂದುಕೊಂಡೆ. ಆದರೆ ಅಂದಿನಿಂದ ಸ್ಟಾಫ್ ರೂಮಿನಲ್ಲಿ ಒಂದು ಸದ್ದು ನಿಂತುಹೋಯಿತು. ಅದುವರೆಗೆ ಆಕೆ, "ಸರ್, ಈ ಬ್ಯಾಟರಿ ಸರಿಯಿದೆಯಾ? ಸರ್, ಈ ಪಾಠಕ್ಕೆ ಯಾವ ಪ್ರಯೋಗ ಮಾಡ್ಲಿ?" ಎಂದು ದಿನಕ್ಕೆರಡು ಸಲವಾದರೂ ಕೇಳುತ್ತಿದ್ದರು. ಈಗ ನಮಸ್ಕಾರ ಒಂದೇ ಉಳಿಯಿತು. ನಾನೂ ಬಿಗಿಯಾಗಿಯೇ ಇದ್ದೆ. ವಯಸ್ಸಾದವನು ತಾನೇ ಮೊದಲು ಮಾತಾಡುವುದುಂಟೇ?

ಮೂರು ವಾರ ಕಳೆದಿರಬೇಕು. ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ಲ್ಯಾಬಿನಿಂದ ಢಮ್ ಎಂಬ ಶಬ್ದ. ಓಡಿಹೋದೆ. ಮೇಜಿನ ಮೇಲೆಲ್ಲ ಗಾಜಿನ ಚೂರು, ಆಮ್ಲ, ಸತುವಿನ ತುಂಡು. ಹತ್ತನೆಯ ತರಗತಿಗೆ ಜಲಜನಕ ತಯಾರಿಸಿ ತೋರಿಸಲು ಹೋಗಿದ್ದರು. ಅನಿಲ ಬರತೊಡಗಿದ ಕೂಡಲೇ ಕೊಳವೆಯ ತುದಿಗೆ ಬೆಂಕಿಕಡ್ಡಿ ಹಿಡಿದಿದ್ದರು. ಫ್ಲಾಸ್ಕಿನಲ್ಲಿ ಇನ್ನೂ ಗಾಳಿಯಿತ್ತು. ಗಾಳಿಯೊಡನೆ ಬೆರೆತ ಜಲಜನಕಕ್ಕೆ ಬೆಂಕಿ ತಾಗಿದರೆ ಅದು ಉರಿಯುವುದಿಲ್ಲ, ಸಿಡಿಯುತ್ತದೆ.

ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಆಕೆ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಮಕ್ಕಳನ್ನೆಲ್ಲ ಅದರಾಚೆ ನಿಲ್ಲಿಸಿದ್ದರು. ತಾವು ಕಣ್ಣಿಗೆ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡಿದ್ದರು. ನನ್ನ ಪಾಠವಾಗಿದ್ದರೆ ಮಕ್ಕಳು ಮೇಜಿಗೆ ಮುತ್ತಿಕೊಂಡು ನಿಂತಿರುತ್ತಿದ್ದರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ನೆನಪಾಯಿತು. ನಮ್ಮ ಲ್ಯಾಬಿನ ಅಟೆಂಡರ್ ಆಗ ನಿವೃತ್ತಿಯ ಅಂಚಿನಲ್ಲಿದ್ದರು. ಓದಿದ್ದು ಏಳನೆಯ ಕ್ಲಾಸು. ಇಪ್ಪತ್ತೈದರ ಬಿ.ಎಸ್‌ಸಿ., ಬಿ.ಎಡ್. ಆದ ನಾನು ಜಲಜನಕಕ್ಕೆ ಕಡ್ಡಿ ಗೀರಹೊರಟಾಗ ಕೈ ಹಿಡಿದು ನಿಲ್ಲಿಸಿದ್ದರು. ಮೊದಲು ಒಂದು ಪ್ರನಾಳದಲ್ಲಿ ಅನಿಲ ಹಿಡಿದು, ದೂರ ಒಯ್ದು, ಉರಿ ತೋರಿಸಿದರು. ಪಟ್ ಎಂದಿತು. "ಬೊಗಳ್ತಾ ಇದೆ ಮೇಷ್ಟ್ರೇ, ಹತ್ತಿರ ಹೋಗಬ್ಯಾಡಿ" ಎಂದರು. ಇನ್ನೊಂದು, ಮತ್ತೊಂದು ಪ್ರನಾಳ ಹಿಡಿದರು. ಕೊನೆಯದು ಸದ್ದಿಲ್ಲದೆ ಉರಿದಾಗ, "ಈಗ ಹಚ್ಚಿ" ಎಂದರು. ಆ ಪರೀಕ್ಷೆ ಪುಸ್ತಕದಲ್ಲೂ ಇತ್ತು. ನಾನು ಓದಿಯೂ ಇದ್ದೆ. ಕೈಗೆ ಬಂದದ್ದು ಮಾತ್ರ ಅವರಿಂದ. ಆಕೆ ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಕೇಳದಂತೆ ಮಾಡಿದವನು ನಾನೇ.

ಇದೇನೂ ನಮ್ಮ ಸ್ಟಾಫ್ ರೂಮಿನಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಲಂಡನ್ನಿನಲ್ಲಿ ಹಂಫ್ರಿ ಡೇವಿ 1813ರಲ್ಲಿ ಮೈಕೆಲ್ ಫ್ಯಾರಡೆಯನ್ನು ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಸಹಾಯಕನಾಗಿ ಸೇರಿಸಿಕೊಂಡ. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಹುಡುಗ. ಅವನನ್ನು ಕೈಹಿಡಿದು ಬೆಳೆಸಿದವನು ಡೇವಿ. ಆದರೆ ಹುಡುಗನ ಹೆಸರು ತನ್ನ ಹೆಸರಿನ ಎತ್ತರಕ್ಕೆ ಬರತೊಡಗಿದಾಗ, ಅವನನ್ನು ರಾಯಲ್ ಸೊಸೈಟಿಗೆ ಆರಿಸುವುದನ್ನು ಅದರ ಅಧ್ಯಕ್ಷನಾಗಿದ್ದ ಅದೇ ಡೇವಿ ವಿರೋಧಿಸಿದ. 1824ರಲ್ಲಿ ಫ್ಯಾರಡೆ ಆಯ್ಕೆಯಾದ, ಆ ಮಾತು ಬೇರೆ. ಅಷ್ಟು ದೊಡ್ಡವನಿಗೇ ಆ ಸಂಕಟ ತಪ್ಪಲಿಲ್ಲವೆಂದರೆ ನನ್ನಂಥವನ ಪಾಡೇನು?

ಮರುದಿನ ಆಕೆಯ ಮೇಜಿನ ಬಳಿ ಹೋಗಿ, "ಮೇಡಂ, ಪಾದರಸದ ವಿಷಯ ಸ್ವಲ್ಪ ಹೇಳಿ" ಎಂದೆ. ಮೊದಲು ಅನುಮಾನದಿಂದ ನೋಡಿದರು. ಆಮೇಲೆ ಹೇಳಿದರು. ಚರ್ಮಕ್ಕಿಂತ ಹೆಚ್ಚಿನ ಅಪಾಯ ಉಸಿರಿಗೆ. ಕೋಣೆಯ ಉಷ್ಣತೆಯಲ್ಲೇ ಪಾದರಸ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚೆಲ್ಲಿದರೆ ಪೊರಕೆಯಿಂದ ಗುಡಿಸಬಾರದು, ಹನಿಗಳು ಇನ್ನಷ್ಟು ಚೂರಾಗುತ್ತವೆ. ಕಿಟಕಿ ತೆರೆದು, ಗಟ್ಟಿ ಕಾಗದದಿಂದ ಒತ್ತರಿಸಿ, ಜಾಡಿಗೆ ತುಂಬಿ ಬಿಗಿಯಾಗಿ ಮುಚ್ಚಬೇಕು. ಪಾದರಸದ ಬಳಕೆ ತಗ್ಗಿಸುವ ಮಿನಾಮಾಟಾ ಒಪ್ಪಂದವನ್ನು ನಮ್ಮ ದೇಶವೂ 2018ರಲ್ಲಿ ಅನುಮೋದಿಸಿದೆ. "ನಿಮಗೇನೂ ಆಗಿಲ್ಲ ಅನ್ನೋದು ಸಂತೋಷ ಸರ್. ಆದರೆ ಇಷ್ಟು ವರ್ಷ ನಿಮ್ಮೆದುರು ನಿಂತ ಮಕ್ಕಳನ್ನ ಯಾರು ಪರೀಕ್ಷೆ ಮಾಡಿದ್ದಾರೆ?" ಎಂದರು.

ಉತ್ತರವಿರಲಿಲ್ಲ. 'ನನಗೇನೂ ಆಗಿಲ್ಲ' ಎಂಬುದು ಒಬ್ಬನ ಮೇಲೆ ನಡೆದ, ಯಾರೂ ಅಳತೆ ಮಾಡದ ಪ್ರಯೋಗ. ವಿದ್ಯಾರ್ಥಿ ಇಂಥ ತೀರ್ಮಾನ ಬರೆದುಕೊಂಡು ಬಂದರೆ ನಾನು ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತೇನೆ. ಆ ದಿನ ನಕ್ಕ ತರಗತಿಗೇ ಹೋಗಿ, ಮೇಡಂ ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು ಎಂದೆ. ಈ ಸಲ ಯಾರೂ ನಗಲಿಲ್ಲ.

ಪಾದರಸದ ಬಾಟಲಿಗೆ ಈಗ ಬಿಗಿ ಮುಚ್ಚಳ ಬಿದ್ದಿದೆ. ಈ ವರ್ಷ ಜಲಜನಕದ ಪಾಠ ಬಂದಾಗ ಆಕೆ ನನ್ನನ್ನೂ ಕರೆದರು. ನಾನೂ ಪ್ಲಾಸ್ಟಿಕ್ ಕನ್ನಡಕ ಹಾಕಿಕೊಂಡು ನಿಂತೆ. ಆಕೆ ಪ್ರನಾಳದ ಬಾಯಿಗೆ ಉರಿ ಹಿಡಿದರು. ಪಟ್!

"ಬೊಗಳ್ತಾ ಇದೆ ಸರ್."

"ಇನ್ನೂ ಸ್ವಲ್ಪ ಕಾಯೋಣ ಮೇಡಂ" ಎಂದೆ.